ಸೂರ್ಯ ಎಲ್ಲರದು, ಸೂರು ಯಾರದು?

(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ, ಅಕ್ಟೋಬರ್ 4)



1225ನೇ ಇಸವಿ. ಅಸ್ಸಿಸಿ ಪಟ್ಟಣದ ಹೊರಗೆ, ಸಂತ ದಮಿಯಾನೊ ಎಂಬ ಪುಟ್ಟ ದೇವಾಲಯದ ಬಳಿ ಒಬ್ಬ ರೋಗಿ ಮಲಗಿದ್ದಾರೆ. ಅವರ ಕಣ್ಣಿನ ಬೇನೆ ಎಷ್ಟೆಂದರೆ ಹಗಲಿನ ಬೆಳಕನ್ನೂ ತಾಳಲಾರರು, ರಾತ್ರಿಯ ದೀಪವನ್ನೂ ನೋಡಲಾರರು. ಆ ನೋವಿನ ನಡುವೆಯೇ ಅವರ ಬಾಯಿಂದ ಒಂದು ಸ್ತುತಿಗೀತೆ ಹೊರಟಿತು. ತಾವು ಕಣ್ಣೆತ್ತಿ ನೋಡಲಾಗದ ಸೂರ್ಯನನ್ನೇ ಸೋದರನೆಂದು ಕರೆದು, ಅವನನ್ನು ಕೊಟ್ಟ ದೇವರನ್ನು ಕೊಂಡಾಡಿದರು. ಅವರೇ ಇಂದು ನಾವು ಹಬ್ಬ ಆಚರಿಸುತ್ತಿರುವ ಸಂತ ಫ್ರಾನ್ಸಿಸರು. ಮರುವರ್ಷ, ಅಂದರೆ 1226ರ ಅಕ್ಟೋಬರ್ 3ರ ಸಂಜೆ, ಬರಿ ನೆಲದ ಮೇಲೆ ಮಲಗಿ ಅವರು ಪ್ರಾಣಬಿಟ್ಟರು. 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಅವರನ್ನು ಪರಿಸರ ಕಾಳಜಿಯುಳ್ಳವರ ಪಾಲಕ ಸಂತರೆಂದು ಘೋಷಿಸಿದರು.

ಸೆಪ್ಟೆಂಬರ್ 1ರಿಂದ ಇಂದಿನವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಈ ಕಾಲಕ್ಕೆಂದು ನಾವು ಚಾಮರಾಜಪುರಂ ಸುತ್ತಮುತ್ತಲಿನ ಕುಟುಂಬಗಳು ಒಂದು ಮನೆಯಲ್ಲಿ ಸೇರಿ ಜಪಸರ ಮುಗಿಸಿ, ಮನೆಯ ಮೇಲೆ ಸೋಲಾರ್ ಹಾಕಿಸುವ ವಿಷಯ ಮಾತನಾಡಿದೆವು. ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯ ಬಗ್ಗೆ ಹೇಳಿದೆವು. ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕರೆಂಟ್. ಸೂರ್ಯ ಎಲ್ಲರಿಗೂ ಸೇರಿದವನು, ಯಾರೂ ಹಿಂದೆ ಉಳಿಯಬೇಡಿ ಎಂದು ಹುರುಪಿನಿಂದಲೇ ಮುಗಿಸಿದೆವು.

ಆಗ ಬಾಗಿಲ ಬಳಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ಮೆಲ್ಲಗೆ ಕೇಳಿದರು: "ಸ್ವಾಮಿ, ಸೂರ್ಯ ಎಲ್ಲರದು, ಸರಿ. ಸೂರು ನಮ್ಮದಲ್ಲವಲ್ಲ?"

ಅವರಿರುವುದು ವಠಾರದ ಬಾಡಿಗೆ ಮನೆ, ಮೇಲೆ ಶೀಟು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಒಳಗೆ ಕೂರಲಾಗದೆ ಹೊಸ್ತಿಲಾಚೆ ನೆರಳು ಹುಡುಕುತ್ತಾರೆ. ಬಿಸಿಲು ಅವರ ಪಾಲಿಗೆ ಬೇಕಾದಷ್ಟು ಬಂದಿದೆ. ಬಿಸಿಲಿನ ಫಲ ಮಾತ್ರ ಬಂದಿಲ್ಲ. ಏಕೆಂದರೆ ಆ ಸಹಾಯಧನ ಸ್ವಂತ ಮನೆ, ಸ್ವಂತ ಛಾವಣಿ ಇದ್ದವರಿಗೆ. ನಾವು ಅರ್ಜಿಗಳನ್ನು ಹಂಚುವ ಮೊದಲು ಎಷ್ಟು ಜನರಿಗೆ ಸ್ವಂತ ಸೂರಿದೆ ಎಂದು ಕೇಳಿರಲಿಲ್ಲ. ಅಂದು ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ.

ಪ್ರಿಯರೇ, ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ತಮ್ಮ ಪಿತನಿಗೆ ಧನ್ಯವಾದ ಸಲ್ಲಿಸುತ್ತಾರೆ. ಯಾತಕ್ಕಾಗಿ? ಬುದ್ಧಿವಂತರಿಗೂ ಮೇಧಾವಿಗಳಿಗೂ ಮರೆಯಾದದ್ದನ್ನು ಎಳೆಯರಿಗೆ ತಿಳಿಯಪಡಿಸಿದ್ದಕ್ಕಾಗಿ. ಅಂದು ನಮ್ಮ ಕೂಟದಲ್ಲಿ ನಡೆದದ್ದೂ ಇದೇ. ಲೆಕ್ಕ ತಿಳಿದವರಿಗೆ ಕಾಣದ್ದು ಬಾಗಿಲ ಬಳಿ ಕುಳಿತವರಿಗೆ ಕಂಡಿತು.

ನಮ್ಮ ನಾಡಿನ ಕಥೆಯನ್ನೇ ನೋಡೋಣ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿತು. ಅದು ಮೊದಲು ಹೋದದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬಂತು, 1908ರಲ್ಲಿ ನಮ್ಮ ಮೈಸೂರಿಗೆ ಬಂತು. ದಾರಿಯುದ್ದಕ್ಕೂ ತಂತಿ ಹಾದುಹೋದ ಎಷ್ಟೋ ಹಳ್ಳಿಗಳು ಮುಂದೆ ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಉಳಿದವು. ದಸರೆಯಲ್ಲಿ ಅರಮನೆಯ ದೀಪಾಲಂಕಾರವನ್ನು ಕಣ್ತುಂಬ ನೋಡುವಾಗ ಈ ಮಾತೂ ನಮಗೆ ನೆನಪಿರಲಿ.

ಅದು ಹಳೆಯ ಕಾಲ ಎನ್ನುತ್ತೀರಾ? ತುಮಕೂರು ಜಿಲ್ಲೆಯ ಪಾವಗಡಕ್ಕೆ ಬನ್ನಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ 2019ರ ಕೊನೆಗೆ ಪೂರ್ಣಗೊಂಡಿತು. ಭೂಮಿಯನ್ನು ರೈತರಿಂದ ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಆ ಹಣ, ಮಳೆ ನಂಬಿ ಸೋತಿದ್ದವರಿಗೆ ದೊಡ್ಡ ಆಸರೆ. ಒಳ್ಳೆಯದೇ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯೂ ಸಿಗಲಿಲ್ಲ, ಕೂಲಿಯೂ ಹೋಯಿತು. ಹೊಗೆಯಿಲ್ಲದ ವಿದ್ಯುತ್ತಿನಿಂದಲೂ ಬಡವರ ಒಲೆ ಆರಬಹುದು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆ ಬೇರೆ ಮಾಡಬಾರದೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ತಿಳಿಸಿದ್ದು ಇದಕ್ಕಾಗಿಯೇ.

ಹಾಗಾದರೆ ದಾರಿ ಯಾವುದು? ಮೊದಲು ಕೇಳಿಸಿಕೊಳ್ಳುವುದು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ತಲುಪಿಸಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಒಂದು ಪ್ರಸಂಗ ಹೇಳುತ್ತಾರೆ. ದೀಪಕ್ಕೆ ತಿಂಗಳಿಗೆ 300 ರೂಪಾಯಿ ಎಂದರೆ ಬೀದಿ ಬದಿಯ ವ್ಯಾಪಾರಿಗೆ ದುಬಾರಿ. ದಿನಕ್ಕೆ 10 ರೂಪಾಯಿ ಎಂದರೆ ಆಗಬಹುದು. ಲೆಕ್ಕ ಒಂದೇ, ಆದರೆ ದಿನದ ದುಡಿಮೆಯವರ ಕೈಗೆ ತಿಂಗಳ ಹಣ ಒಟ್ಟಿಗೆ ಬರುವುದಿಲ್ಲ. ಈ ಪಾಠವನ್ನು ಕಲಿಸಿದವರು ಆ ವ್ಯಾಪಾರಿಗಳೇ.

ಎರಡನೆಯದು, ಎಲ್ಲರಿಗೂ ಸೇರಿದ ಒಂದು ಸೂರು. ಅದು ನಮ್ಮಲ್ಲಿದೆ. ದೇವಾಲಯದ ಸಭಾಂಗಣದ ಮಾಳಿಗೆ ಯಾರೊಬ್ಬರದೂ ಅಲ್ಲ, ಎಲ್ಲರದು. 2008ರಲ್ಲಿ ವ್ಯಾಟಿಕನ್ನಿನ ಆರನೆಯ ಪಾಲ್ ಸಭಾಭವನದ ಮೇಲೆ ಸುಮಾರು 2,400 ಸೋಲಾರ್ ಫಲಕಗಳನ್ನು ಹಾಕಿದರು. ನಮ್ಮ ಮಾಳಿಗೆಗೆ ಹತ್ತು ಸಾಕು. ಒಂದು ಮಾತು ಗಮನದಲ್ಲಿರಲಿ: ಸಾಮಾನ್ಯವಾಗಿ ಕಂಬದ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗಿರುತ್ತದೆ. ಆದ್ದರಿಂದ ಕತ್ತಲಲ್ಲಿ ಬೆಳಕು ಬೇಕಾದರೆ ಬ್ಯಾಟರಿಯೂ ಬೇಕು. ಅದಿದ್ದರೆ ಪರೀಕ್ಷೆಯ ಕಾಲದಲ್ಲಿ ವಠಾರದ ಮಕ್ಕಳು, ಯಾವ ಧರ್ಮದವರೇ ಆಗಲಿ, ಸಂಜೆ ಅಲ್ಲಿ ಓದಬಹುದು. ಬೇಸಿಗೆಯ ಮಧ್ಯಾಹ್ನ ವಯಸ್ಸಾದವರೂ ತಳ್ಳುಗಾಡಿಯವರೂ ಫ್ಯಾನಿನ ಕೆಳಗೆ ಕುಳಿತು ತಣ್ಣೀರು ಕುಡಿಯಬಹುದು.

ಇದು ಬರಿಯ ಅನುಕೂಲದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಮನೆಗಳಿಗೆ ನೀರು ನುಗ್ಗಿದ್ದನ್ನು ನೋಡಿದ್ದೇವೆ. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಹವಾಮಾನ ಕೆಟ್ಟಾಗ ಮೊದಲು ಪೆಟ್ಟು ಬೀಳುವುದು ಶೀಟಿನ ಸೂರಿನ ಮೇಲೆ. ಅಂಥ ದಿನ ಓಡಿ ಬರಲು ಒಂದು ಬಾಗಿಲು ತೆರೆದಿರಬೇಕು.

ಮೂರನೆಯದು, ಸ್ವಂತ ಮಾಳಿಗೆ ಇರುವವರಿಗೆ. ಸೋಲಾರ್ ಹಾಕಿಸಿ, ಖಂಡಿತ ಹಾಕಿಸಿ. ಬಿಲ್ಲಿನಲ್ಲಿ ಉಳಿದ ಹಣದ ಒಂದು ಪಾಲನ್ನು ಸೂರಿಲ್ಲದವರಿಗಾಗಿ ಎತ್ತಿಡಿ. ನಿಮ್ಮದೊಂದು ಬಾಡಿಗೆ ಮನೆ ಇದ್ದರೆ, ಈ ಬೇಸಿಗೆಗೆ ಮುಂಚೆ ಅದರ ಶೀಟಿನ ಮೇಲೆ ಬಿಳಿ ಸುಣ್ಣ ಬಳಿಸಿಕೊಡಿ. ಒಳಗಿನ ಸೆಕೆ ತಗ್ಗುತ್ತದೆ. ಬಾಡಿಗೆ ಮಾತ್ರ ಏರಿಸಬೇಡಿ! ಸ್ವಸಹಾಯ ಸಂಘದ ತಾಯಂದಿರು ಮನಸ್ಸು ಮಾಡಿದರೆ ದಿನಕ್ಕೆ ಹತ್ತು ರೂಪಾಯಿಯ ಕಂತಿನಲ್ಲಿ ದೀಪ ಕೊಡಿಸಬಲ್ಲರು. ಇದನ್ನೆಲ್ಲ ತೀರ್ಮಾನಿಸುವ ಸಮಿತಿಯಲ್ಲಿ ಬಾಡಿಗೆ ಮನೆಯವರಿಗೆ ಅರ್ಧ ಜಾಗ ಇರಲಿ. ಅವರನ್ನು ಕೊನೆಯಲ್ಲಿ ಕರೆದು ತೀರ್ಮಾನ ತಿಳಿಸುವುದು ಬೇಡ. ಮೊದಲೇ ಕರೆದು ಕೇಳೋಣ.

ಸಂತ ಫ್ರಾನ್ಸಿಸರಿಗೂ ಸ್ವಂತ ಸೂರಿರಲಿಲ್ಲ. ತಂದೆಯ ಸಿರಿವಂತ ಮನೆಯನ್ನು ಬಿಟ್ಟುಬಂದವರು ಅವರು. ಆದ್ದರಿಂದಲೇ ಸೂರ್ಯನನ್ನು ಸೋದರ ಎನ್ನಲು ಅವರಿಗೆ ಸಾಧ್ಯವಾಯಿತು. ಸೋದರ ಎಂದ ಮೇಲೆ ಅವನು ತಂದೆಯ ಎಲ್ಲ ಮಕ್ಕಳಿಗೂ ಸೋದರನೇ. ಕೆಟ್ಟವರು ಒಳ್ಳೆಯವರೆಂದು ನೋಡದೆ ಪಿತನು ಎಲ್ಲರ ಮೇಲೂ ಅವನನ್ನು ಮೂಡಿಸುತ್ತಾನೆಂದು ಯೇಸುಸ್ವಾಮಿಯೇ ಕಲಿಸಿದ್ದಾರೆ. ದೇವರು ಹಾಗೆ ಹಂಚಿದ್ದನ್ನು ನಾವು ಸೂರಿನ ಲೆಕ್ಕದಲ್ಲಿ ಹಂಚಬಹುದೇ?

ಆ ಹಿರಿಯ ತಾಯಿ ಇಂದು ಪೂಜೆಗೆ ಬಂದಿದ್ದಾರೆ. ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಸೇರೋಣ. ಮೊದಲ ಮಾತು ಅವರದಾಗಲಿ. ಈ ಬಲಿಪೀಠದ ಮೇಲೆ ರೊಟ್ಟಿಯಾಗಿ ತಮ್ಮನ್ನೇ ಎಲ್ಲರಿಗೂ ಸಮನಾಗಿ ಹಂಚುವ ಪ್ರಭು, ಬೆಳಕನ್ನು ಹಂಚಿಕೊಳ್ಳುವ ಮನಸ್ಸನ್ನು ನಮಗೆ ದಯಪಾಲಿಸಲಿ.

ಆಮೆನ್.