ಬ್ರಿಟಿಷ್ ಪ್ರಜೆ, ಬ್ರಿಟಿಷ್ ಪೌರ

(ಬಾನುಲಿ ಭಾಷಣ)



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ 1947ರ ಆಗಸ್ಟ್ 15ಕ್ಕಿಂತ ಮೊದಲು ಹುಟ್ಟಿದವರೆಲ್ಲ ಹುಟ್ಟುತ್ತಲೇ ಬ್ರಿಟಿಷ್ ಪ್ರಜೆಗಳಾಗಿದ್ದರು. ಅದಕ್ಕಾಗಿ ಅವರು ಅರ್ಜಿ ಬರೆದುಕೊಂಡಿರಲಿಲ್ಲ, ಶುಲ್ಕ ಕಟ್ಟಿರಲಿಲ್ಲ, ಇಂಗ್ಲಂಡಿನ ಅರಸರ ಹೆಸರುಗಳನ್ನು ಬಾಯಿಪಾಠ ಮಾಡಿರಲಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಗಳೂ ಪೇಟೆಯಲ್ಲಿ ಮೆಣಸಿನಕಾಯಿ ತೂಗುತ್ತಿದ್ದ ಸೆಟ್ಟರೂ, ತಮ್ಮನ್ನು ಯಾರೂ ಕೇಳದೆಯೇ, ಲಂಡನ್ನಿನ ಸಿಂಹಾಸನಕ್ಕೆ ನಿಷ್ಠರಾದವರೆಂದು ಕಾಯಿದೆಯ ಲೆಕ್ಕದಲ್ಲಿ ಸೇರಿಹೋಗಿದ್ದರು. ಇಂದು ಅದೇ ಸೀಮೆಯ ಮೊಮ್ಮಕ್ಕಳು ವೈದ್ಯರಾಗಿ, ದಾದಿಯರಾಗಿ, ಗಣಕಯಂತ್ರದ ತಜ್ಞರಾಗಿ ಇಂಗ್ಲಂಡಿಗೆ ಹೋಗುತ್ತಿದ್ದಾರೆ. ಅಲ್ಲಿ ನೆಲೆಯೂರಿ ಪೌರತ್ವ ಪಡೆಯಬೇಕೆಂದರೆ ಅವರು ಪರೀಕ್ಷೆಗೆ ಕೂರಬೇಕು. ಅಜ್ಜನಿಗೆ ಕೇಳದೆ ಬಂದದ್ದು ಮೊಮ್ಮಗನಿಗೆ ಕೇಳಿದರೂ ಸುಲಭವಾಗಿ ಸಿಗುವುದಿಲ್ಲ. ಈ ವೈಚಿತ್ರ್ಯವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಆ ಪರೀಕ್ಷೆಗೆ ‘ಲೈಫ್ ಇನ್ ದಿ ಯುಕೆ’ ಎಂದು ಹೆಸರು. ಎಂದರೆ ಬ್ರಿಟನ್ನಿನ ಬದುಕು. 2005ರ ನವೆಂಬರಿನಲ್ಲಿ ಅದು ಪೌರತ್ವ ಬಯಸುವವರಿಗಾಗಿ ಜಾರಿಗೆ ಬಂದಿತು. 2007ರಲ್ಲಿ ಅಲ್ಲಿ ಕಾಯಂ ಆಗಿ ನೆಲೆಸಲು ಪರವಾನಿಗೆ ಬೇಡುವವರಿಗೂ ವಿಸ್ತರಿಸಿತು. ಗಣಕಯಂತ್ರದ ಮುಂದೆ ಕುಳಿತು 45 ನಿಮಿಷಗಳಲ್ಲಿ 24 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. 18 ಉತ್ತರಗಳು ಸರಿಯಾದರೆ ತೇರ್ಗಡೆ. ಪ್ರಶ್ನೆಗಳಿಗೆ ಆಧಾರ ಅಲ್ಲಿಯ ಸರಕಾರವೇ ಹೊರತಂದಿರುವ ಒಂದು ಕೈಪಿಡಿ. 2013ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ ಇತಿಹಾಸಕ್ಕೆ ದೊಡ್ಡ ಪಾಲು ದೊರೆತಿದೆ. 1066ರ ನಾರ್ಮನ್ ದಂಡಯಾತ್ರೆ, 1215ರ ಮ್ಯಾಗ್ನಾ ಕಾರ್ಟಾ, ಎಂಟನೆಯ ಹೆನ್ರಿಯ ಆರು ಜನ ರಾಣಿಯರು, ಷೇಕ್ಸ್‌ಪಿಯರ್, ನ್ಯೂಟನ್, ಸಂಸತ್ತು, ನ್ಯಾಯಾಲಯ, ಹಬ್ಬಹರಿದಿನ, ಆಟಪಾಟ ಎಲ್ಲವೂ ಅದರಲ್ಲಿ ಉಂಟು. ಪರೀಕ್ಷೆ ಗೆದ್ದು, ಉಳಿದ ನಿಬಂಧನೆಗಳನ್ನೂ ಪೂರೈಸಿದವರು ಕೊನೆಗೆ ಒಂದು ಸಮಾರಂಭದಲ್ಲಿ ಅರಸರಿಗೆ ನಿಷ್ಠರಾಗಿರುವುದಾಗಿ ಪ್ರತಿಜ್ಞೆ ಮಾಡುತ್ತಾರೆ. ಇಂಥ ಸಮಾರಂಭಗಳು ಅಲ್ಲಿ 2004ರಲ್ಲಿ ಆರಂಭವಾದವು.

ಕನ್ನಡ ಪಾಠ ಹೇಳಿದವನಾದ್ದರಿಂದ ನನ್ನ ಗಮನ ಮೊದಲು ಶಬ್ದಗಳ ಕಡೆಗೆ ಹರಿಯುತ್ತದೆ. ‘ಪ್ರಜೆ’ ಎಂಬುದು ಸಂಸ್ಕೃತದಿಂದ ಬಂದ ಮಾತು. ಅದರ ಮೂಲಾರ್ಥ ಸಂತಾನ. ಅರಸನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆ ಅದರ ಹಿಂದಿದೆ. ‘ಪೌರ’ ಎಂದರೆ ಪುರದವನು. ಊರಿನ ಆಗುಹೋಗುಗಳಲ್ಲಿ ಪಾಲುಳ್ಳವನು. ಮಗನಾಗುವುದಕ್ಕೆ ಪರೀಕ್ಷೆ ಬೇಡ, ಹುಟ್ಟಿದರೆ ಸಾಕು. ಪಾಲುಗಾರನಾಗುವುದಕ್ಕೆ ಮಾತ್ರ ಒಪ್ಪಂದ ಬೇಕು. ಬ್ರಿಟಿಷರಲ್ಲಿಯೂ ‘ಪೌರತ್ವ’ವೆಂಬುದು ಕಾಯಿದೆಯ ಪರಿಭಾಷೆಯೊಳಗೆ ಬಂದದ್ದು 1948ರ ಶಾಸನದಿಂದ, ಅದು 1949ರ ಜನವರಿಯಲ್ಲಿ ಜಾರಿಗೆ ಬಂದಿತು. ಅದಕ್ಕೂ ಮುನ್ನ ಲಂಡನ್ನಿನಲ್ಲಿ ಹುಟ್ಟಿದವನೂ ಬ್ಯಾಡಗಿಯಲ್ಲಿ ಹುಟ್ಟಿದವನೂ ಶಬ್ದದ ಮಟ್ಟಿಗೆ ಸಮಾನರು, ಇಬ್ಬರೂ ಪ್ರಜೆಗಳೇ. ಶಬ್ದವನ್ನು ಬಿಟ್ಟು ಬದುಕಿಗೆ ಬಂದರೆ ಆ ಸಮಾನತೆ ಎಷ್ಟರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈಪಿಡಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಒಂದು ದೇಶದಲ್ಲಿ ಬದುಕಬೇಕೆನ್ನುವವನು ಆ ದೇಶದ ಕತೆಯನ್ನು ತಿಳಿದುಕೊಳ್ಳಲಿ ಎಂಬುದು ನ್ಯಾಯವಾದ ಅಪೇಕ್ಷೆ. ನಮ್ಮ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಯಾವ ಪರೀಕ್ಷೆಯ ಒತ್ತಾಯವೂ ಇಲ್ಲದೆ ಆ ನಾಡಿನ ಸಾಹಿತ್ಯವನ್ನು ಆಳವಾಗಿ ಓದಿದರು. ಆಕ್ಸ್‌ಫರ್ಡಿಗೆ ಹೋಗಿ ಕಲಿತು ಬಂದರು. ಕಲಿತದ್ದನ್ನು ಕನ್ನಡಕ್ಕೆ ತಂದರು. ಆದರೆ ಹಾವೇರಿಯ ಕಡೆಯವನೊಬ್ಬನು ಆ ಪುಸ್ತಕವನ್ನು ಕೈಗೆತ್ತಿಕೊಂಡಾಗ ಪ್ರತಿಯೊಂದು ಪುಟಕ್ಕೂ ಒಂದು ಹಿಂಬದಿ ಇದೆಯೆಂಬುದನ್ನು ಮರೆಯಬಾರದು. ಆ ಹಿಂಬದಿ ಅಚ್ಚಾಗಿರುವುದು ನಮ್ಮ ಊರುಗಳಲ್ಲಿ. ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ರಾಣೇಬೆನ್ನೂರಿನದು. 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಯಾರು ಎಂದು ಕೇಳಿದರೆ ಅಭ್ಯರ್ಥಿಯು ‘ಡ್ಯೂಕ್ ಆಫ್ ವೆಲಿಂಗ್ಟನ್’ ಎಂದು ಉತ್ತರಿಸಬೇಕು. ಸರಿಯಾದ ಉತ್ತರ. ಆದರೆ ಅದಕ್ಕೆ 15 ವರ್ಷ ಮೊದಲು ಆತನಿನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದ. ಟಿಪ್ಪುವಿನ ಪತನವಾದಾಗ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿದ ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ, 1800ರ ಜೂನಿನಲ್ಲಿ ಹರಿಹರದ ಹತ್ತಿರ ತುಂಗಭದ್ರೆಯನ್ನು ದಾಟಿದ. ರಾಣೇಬೆನ್ನೂರಿನ ಕೋಟೆಯಿಂದ ಅವನ ದಂಡಿನ ಮೇಲೆ ಗುಂಡು ಹಾರಿತು. ಅವನು ಕೋಟೆಯನ್ನು ಲಗ್ಗೆಯಿಟ್ಟು ಹಿಡಿದ. ಅದೇ ಸಪ್ಟೆಂಬರಿನಲ್ಲಿ ಧೋಂಡಿಯಾ ಹತನಾದ. ಅವನ ಎಳೆಯ ಮಗ ಸಲಾಬತ್ ಖಾನನನ್ನು ಇದೇ ವೆಲ್ಲೆಸ್ಲಿ ಕಾಪಾಡಿ, ಅವನ ಪೋಷಣೆಗೆ ಹಣ ಇರಿಸಿದನೆಂಬುದನ್ನೂ ಇಲ್ಲಿ ಹೇಳಬೇಕು. ಇತಿಹಾಸದಲ್ಲಿ ಬರಿಯ ಕಪ್ಪು, ಬರಿಯ ಬಿಳುಪು ಎಂಬುದು ವಿರಳ. ಮುಂದೆ ಇಂಗ್ಲಂಡಿನ ಪ್ರಧಾನಿಯಾದ ಈತನು 1830ರಲ್ಲಿ ಮತದಾನದ ಸುಧಾರಣೆಯನ್ನು ವಿರೋಧಿಸಿ ಅಧಿಕಾರ ಕಳೆದುಕೊಂಡ. ಎಂದರೆ, ರಾಣೇಬೆನ್ನೂರಿನ ಕೋಟೆಯನ್ನು ಹಿಡಿದ ಕೈ ತನ್ನ ದೇಶದವರಿಗೂ ಮತಪೆಟ್ಟಿಗೆಯ ಬಾಗಿಲನ್ನು ಬೇಗ ತೆರೆಯಲಿಲ್ಲ.

ಎರಡನೆಯದು ಹತ್ತಿಯದು. ನೂಲುವ ಯಂತ್ರಗಳಿಗೆ ಹೆಸರಾದ ರಿಚರ್ಡ್ ಆರ್ಕ್‌ರೈಟ್, ಕೈಗಾರಿಕಾ ಕ್ರಾಂತಿ, ಮ್ಯಾಂಚೆಸ್ಟರಿನ ಗಿರಣಿಗಳು ಇವೆಲ್ಲ ಅಭ್ಯರ್ಥಿಗೆ ತಿಳಿದಿರಬೇಕು. ಆ ಗಿರಣಿಗಳ ಹಸಿವಿಗೆ ಹತ್ತಿ ಎಲ್ಲಿಂದ ಬರಬೇಕು? ಹೆಚ್ಚಿನ ಪಾಲು ಅಮೇರಿಕದಿಂದ. ಆ ಒಂದೇ ಬಾಗಿಲನ್ನು ನಂಬಿ ಕೂಡುವುದು ಅಪಾಯವೆಂದು 1840ರ ದಶಕದಲ್ಲಿ ಅಮೇರಿಕದ ಬೀಜವನ್ನು ನಮ್ಮ ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಬಿತ್ತಿಸಿದರು. ಹೊರಗಿನ ಪೇಟೆಯಲ್ಲಿ ಅದಕ್ಕೆ ‘ಧಾರವಾಡ-ಅಮೇರಿಕನ್’ ಎಂಬ ಹೆಸರಾಯಿತು; ನಮ್ಮ ರೈತರಿಗೆ ಅದು ‘ವಿಲಾಯತಿ ಹತ್ತಿ’. ಇಲ್ಲಿಯ ಜವಾರಿ ಹತ್ತಿ ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗೇರುತ್ತಿದ್ದುದರಿಂದ ಆ ಊರಿನ ಹೆಸರನ್ನೇ ಹೊತ್ತು ಹೋಯಿತು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತುಹೋಗಿ ನಮ್ಮ ಹತ್ತಿಯ ಬೆಲೆ ಮುಗಿಲಿಗೇರಿತು. ಯುದ್ಧ ಮುಗಿದೊಡನೆ ನೆಲಕ್ಕಿಳಿಯಿತು. ಮುಂದೆ ಹತ್ತು ಹನ್ನೆರಡು ವರ್ಷಗಳಲ್ಲಿ, 1876ರಲ್ಲಿ, ಘೋರ ಕ್ಷಾಮ ಬಂದಿತು. ಗಿರಣಿಯ ಅರಿವೆ ಅಗ್ಗವಾಗಿ ಬಂದು ನಮ್ಮ ಮಗ್ಗಗಳ ಸದ್ದನ್ನು ಅಡಗಿಸಿತು. ವಿಕ್ಟೋರಿಯಾ ರಾಣಿ ಹುಟ್ಟಿದ ವರ್ಷವೇ, ಎಂದರೆ 1819ರಲ್ಲಿ, ಹುಟ್ಟಿದ ನಮ್ಮ ಶಿಶುನಾಳದ ಶರೀಫ ಸಾಹೇಬರು ಗಿರಣಿಯನ್ನು ಕಂಡು ಪದ ಕಟ್ಟಿದ್ದಾರೆ. ಕೈಗಾರಿಕಾ ಕ್ರಾಂತಿಯನ್ನು ಓದುವ ನಮ್ಮ ಹುಡುಗನು ಆರ್ಕ್‌ರೈಟನ ಜೊತೆಗೆ ಶರೀಫರನ್ನೂ ನೆನೆದರೆ ಅವನ ಓದು ಪೂರ್ತಿಯಾಗುತ್ತದೆ.

ಮೂರನೆಯದು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನದು. ಸಾಮ್ರಾಜ್ಯವು ಕಾಮನ್‌ವೆಲ್ತ್ ಆಗಿ ಮಾರ್ಪಟ್ಟದ್ದು ಬಹುಮಟ್ಟಿಗೆ ಕ್ರಮವಾಗಿ ನಡೆಯಿತು, ದೇಶಗಳಿಗೆ ಸ್ವಾತಂತ್ರ್ಯವನ್ನು ಕೊಡಲಾಯಿತು ಎಂಬ ಅರ್ಥದಲ್ಲಿ ಆ ಕೈಪಿಡಿ ಹೇಳುತ್ತದೆ. ಕೊಡಲಾಯಿತು! ಈ ಕರ್ಮಣಿ ಪ್ರಯೋಗವು ಎಷ್ಟನ್ನು ಮುಚ್ಚಿಡಬಲ್ಲುದು ನೋಡಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1911ರಲ್ಲಿ ಹುಟ್ಟಿದರು. ಹತ್ತೊಂಬತ್ತು ತುಂಬುವ ಮೊದಲೇ, 1930ರಲ್ಲಿ, ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಯವರೆಗೆ ನಡೆದರು. ಆ ಯಾತ್ರೆಯ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಪತ್ನಿ ಸಿದ್ಧಮ್ಮನವರೂ ಸೆರೆಮನೆ ಕಂಡವರು. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣದ ಮೇಲೆ ತಂಡದೊಡನೆ ದಾಳಿ ಮಾಡಿದಾಗ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಹುತಾತ್ಮರಾದರು. ಮೂವರೂ ಅಂದು ಕಾಯಿದೆಯ ಪ್ರಕಾರ ಬ್ರಿಟಿಷ್ ಪ್ರಜೆಗಳೇ. ಹೊಸರಿತ್ತಿಯಿಂದ ನೋಡಿದಾಗ ಸ್ವಾತಂತ್ರ್ಯವು ಕೊಟ್ಟ ವಸ್ತುವಾಗಿ ಕಾಣುವುದಿಲ್ಲ.

ಇದು ನಮ್ಮ ಅಸಮಾಧಾನ ಮಾತ್ರವಲ್ಲ. 2020ರಲ್ಲಿ ಬ್ರಿಟನ್ನಿನ ನೂರೈವತ್ತಕ್ಕೂ ಹೆಚ್ಚು ಇತಿಹಾಸಕಾರರು ಬಹಿರಂಗ ಪತ್ರ ಬರೆದು, ಗುಲಾಮಗಿರಿ ಹಾಗೂ ಸಾಮ್ರಾಜ್ಯವನ್ನು ಕುರಿತು ಕೈಪಿಡಿ ಹೇಳುವ ಮಾತುಗಳು ದಾರಿ ತಪ್ಪಿಸುತ್ತವೆ, ಅವನ್ನು ತಿದ್ದಬೇಕು ಎಂದು ಆಗ್ರಹಿಸಿದರು. 2022ರಲ್ಲಿ ಅಲ್ಲಿಯ ಮೇಲ್ಮನೆಯ ಸಮಿತಿಯೊಂದು ಇಡೀ ಪರೀಕ್ಷೆಯೇ ಚೂರುಪಾರು ಸಂಗತಿಗಳ ರಾಶಿಯಾಗಿದೆ ಎಂದು ಟೀಕಿಸಿತು. ತಮ್ಮ ಸರಕಾರದ ಪುಸ್ತಕವನ್ನು ತಾವೇ ತಿದ್ದಹೊರಡುವ ಈ ಗುಣ ಆ ದೇಶದ ನಿಜವಾದ ಹಿರಿಮೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳಿಲ್ಲ. ಆದರೆ ಹೊಸ ಪೌರನು ಕಲಿಯತಕ್ಕ ಪಾಠಗಳಲ್ಲಿ ಅದೇ ಮೊದಲನೆಯದು.

ಅದೇ ಪುಸ್ತಕದಲ್ಲಿ ನಮಗೆ ಹೆಮ್ಮೆ ತರುವ ಪುಟವೂ ಒಂದಿದೆ. ಅದನ್ನು ನಮ್ಮ ಸಂವಿಧಾನದ ಪಕ್ಕದಲ್ಲಿಟ್ಟು ಓದಬೇಕು. ಇಂಗ್ಲಂಡಿನಲ್ಲಿ 1832ರ ಸುಧಾರಣಾ ಶಾಸನ, 1838ರಿಂದ ನಡೆದ ಚಾರ್ಟಿಸ್ಟರ ಚಳವಳಿ, 1918ರಲ್ಲಿ ಮೂವತ್ತು ದಾಟಿದ ಸ್ತ್ರೀಯರಿಗೆ ಮತ, 1928ರಲ್ಲಿ ಸ್ತ್ರೀಪುರುಷರಿಗೆ ಸಮಾನವಾಗಿ 21ನೆಯ ವಯಸ್ಸಿಗೆ ಮತ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸುಮಾರು ನೂರು ವರ್ಷ ಹಿಡಿಯಿತು. ನಮ್ಮಲ್ಲಿ ಅವರ ಆಳಿಕೆಯ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆಗಳ ಕಟ್ಟಳೆಯಿಂದಾಗಿ ಕೆಲವರಿಗಷ್ಟೇ ಮತವಿತ್ತು. 1950ರ ಸಂವಿಧಾನವು ಎಲ್ಲ ವಯಸ್ಕರಿಗೂ ಒಂದೇ ಸಲಕ್ಕೆ ಮತವನ್ನು ಕೊಟ್ಟಿತು. ಓದು ಬಾರದ ರಾಣೇಬೆನ್ನೂರಿನ ಮುದುಕಿಯೂ 1951-52ರ ಚುನಾವಣೆಯಲ್ಲಿ ಊರ ಸಾಹುಕಾರನಷ್ಟೇ ತೂಕದ ಮತ ಹಾಕಬಹುದಾಗಿತ್ತು. ಇಪ್ಪತ್ತನಾಲ್ಕು ಪ್ರಶ್ನೆಗಳನ್ನು ಅವಳಿಗೆ ಯಾರೂ ಕೇಳಲಿಲ್ಲ.

ಇನ್ನು ಈ ವಿಷಯದ ಕಠಿಣವಾದ ಭಾಗ. ಬ್ಯಾಡಗಿಯ ಪರಿಚಿತರೊಬ್ಬರು ಕೆಲಕಾಲದ ಹಿಂದೆ ನನ್ನನ್ನು ಕೇಳಿದರು: “ಸರ, ಮಗ ಆ ಪರೀಕ್ಷಾ ಪಾಸ ಆದ. ಖುಷಿ ಪಡಬೇಕೋ ಅಳಬೇಕೋ ತಿಳೀವಲ್ದು. ಇನ್ನ ಅಂವ ನಮ್ಮ ದೇಶದಾಂವ ಅಲ್ಲೇನ್ರಿ?” ಕಾಯಿದೆಯ ಉತ್ತರ ಸ್ಪಷ್ಟವಿದೆ. ಬ್ರಿಟನ್ನು ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. 1955ರ ನಮ್ಮ ಪೌರತ್ವ ಕಾಯಿದೆಯಂತೆ, ತಾನಾಗಿ ಬೇರೆ ದೇಶದ ಪೌರತ್ವ ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ, ಪಾಸ್‌ಪೋರ್ಟನ್ನು ಮರಳಿಸಬೇಕು. ಸಾಗರೋತ್ತರ ಪೌರನೆಂಬ ಚೀಟಿ ಪಡೆದರೆ ಆಜೀವ ಬಂದುಹೋಗಬಹುದು. ಆದರೆ ಇಲ್ಲಿ ಮತವಿಲ್ಲ. ಸಾಗುವಳಿಯ ಹೊಲವನ್ನು ಕೊಳ್ಳುವಂತಿಲ್ಲ, ಹಿರಿಯರಿಂದ ವಾರಸಿನಲ್ಲಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಇನ್ನೊಂದು ಸೋಜಿಗವೆಂದರೆ, ಅಲ್ಲಿ ಕಾನೂನುಬದ್ಧವಾಗಿ ವಾಸವಾಗಿರುವ ಭಾರತೀಯನು ಕಾಮನ್‌ವೆಲ್ತಿನವನಾದ್ದರಿಂದ ಬ್ರಿಟಿಷ್ ಪೌರನಾಗದೆಯೂ ಅಲ್ಲಿಯ ಚುನಾವಣೆಯಲ್ಲಿ ಮತ ಹಾಕಬಹುದು. ಆದ್ದರಿಂದ ಮತಕ್ಕಾಗಿಯೇ ಪೌರತ್ವ ಬೇಕೆಂದಿಲ್ಲ. ಮಕ್ಕಳ ಭವಿಷ್ಯ, ಉದ್ಯೋಗದ ಭದ್ರತೆ, ಪ್ರವಾಸದ ಅನುಕೂಲ ಇವು ಕಾರಣಗಳು. ಅವು ಸಣ್ಣ ಕಾರಣಗಳೇನೂ ಅಲ್ಲ.

ಕಾಯಿದೆಯ ಉತ್ತರವನ್ನು ಕೇಳಿ ಆ ತಂದೆಗೆ ಸಮಾಧಾನವಾಗಲಿಲ್ಲ; ಆಗಬೇಕೆಂದೂ ಇಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: “ಮಗನ ಮೇಲೆ ಸಿಟ್ಟಾಗಬ್ಯಾಡ್ರಿ. ಆದರ ಅಲ್ಲಿ ಪುಸ್ತಕದಾಗ ಇಲ್ಲದ್ದನ್ನ ನೀವು ಅವಗ ಹೇಳ್ರಿ.” ತಂದೆಯ ತಂದೆ ಯಾವ ಅರಸನ ಪ್ರಜೆಯಾಗಿದ್ದ, ಅದನ್ನು ಯಾರು ಹೇಗೆ ಕೊನೆಗಾಣಿಸಿದರು ಎಂಬುದನ್ನು ಬಲ್ಲವನು ಲಂಡನ್ನಿನಲ್ಲಿ ತಲೆಯೆತ್ತಿ ನಡೆಯುವ ಪೌರನಾಗುತ್ತಾನೆ. ಬಲ್ಲದವನು ಅದೇ ಊರಿನಲ್ಲಿ ಮತ್ತೆ ಪ್ರಜೆಯಾಗಿಯೇ ಉಳಿಯುತ್ತಾನೆ. ಥೇಮ್ಸ್ ಹೊಳೆಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಹೊಳೆಯ ಆಚೆಯ ದಂಡೆಯಲ್ಲಿ ಅವರ ಸಂಸತ್ತು. ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ಎರಡರ ಕತೆಯನ್ನೂ ಹೇಳಬಲ್ಲ ತಾಯಿತಂದೆಯರು ಬೇಕು.

ಕೊನೆಯದಾಗಿ ಒಂದು ಮಾತು ನಮಗೆ, ಊರಿನಲ್ಲಿಯೇ ಉಳಿದವರಿಗೆ. ಹೊರಗಿನವರೊಬ್ಬರು ಭಾರತದ ಪೌರರಾಗಬೇಕೆಂದು ಅರ್ಜಿ ಹಾಕಿದರೆ ಸಂವಿಧಾನದ ಎಂಟನೆಯ ಪರಿಶಿಷ್ಟದಲ್ಲಿರುವ ಒಂದು ಭಾಷೆಯನ್ನು ಅವರು ಸಾಕಷ್ಟು ಬಲ್ಲವರಾಗಿರಬೇಕು ಎಂದು ನಮ್ಮ ಕಾಯಿದೆ ವಿಧಿಸುತ್ತದೆ. ಕನ್ನಡ ಆ ಭಾಷೆಗಳಲ್ಲಿ ಒಂದು. ಹುಟ್ಟಿನಿಂದ ಪೌರರಾದ ನಮಗೆ ಆ ನಿಬಂಧನೆಯಿಲ್ಲ. 1997ರಿಂದ ಹಾವೇರಿ ನಮಗೊಂದು ಜಿಲ್ಲೆ. ಆ ಜಿಲ್ಲೆಯನ್ನು ಕುರಿತು ಇಪ್ಪತ್ತನಾಲ್ಕು ಪ್ರಶ್ನೆಗಳನ್ನು ಯಾರಾದರೂ ನಮ್ಮ ಮುಂದೆ ಇಟ್ಟರೆ, ನಮ್ಮ ಮನೆಯ ಹುಡುಗರಲ್ಲಿ ಎಷ್ಟು ಮಂದಿ ಹದಿನೆಂಟಕ್ಕೆ ಸರಿಯಾದ ಉತ್ತರ ಕೊಟ್ಟಾರು? ಹೊಸರಿತ್ತಿ ಹಾವೇರಿಯಿಂದ ದೂರವೇನೂ ಇಲ್ಲ. ರಜೆಗೆಂದು ವಿಲಾಯತಿಯಿಂದ ಮೊಮ್ಮಕ್ಕಳು ಬಂದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬನ್ನಿ. ಇಲ್ಲಿಯೇ ಇರುವ ಮೊಮ್ಮಕ್ಕಳನ್ನೂ ಬಿಟ್ಟು ಹೋಗಬೇಡಿ.