ಹೆಸರಿಲ್ಲದ ಲ್ಯಾಪ್‌ಟಾಪ್
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಟೆಲಿವಿಷನ್ನಿನಲ್ಲಿ ಚಹಾಪುಡಿಯದೋ ವಿಮೆಯದೋ ಜಾಹೀರಾತು ಬರುತ್ತದೆ. ಅದರಲ್ಲಿ ಒಬ್ಬ ಹುಡುಗಿ ತೆಳ್ಳನೆಯ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಓದುತ್ತಿರುತ್ತಾಳೆ. ನಮ್ಮ ಮಕ್ಕಳು ಕೂಡಲೇ “ಅಪ್ಪಾ, ನಮಗೂ ಅಂಥದೇ ಬೇಕು” ಎನ್ನುತ್ತಾರೆ. ಯಾವುದೆಂದು ನೋಡಹೋದರೆ ಅದಕ್ಕೆ ಹೆಸರೇ ಇಲ್ಲ! ಪಗಾರದಲ್ಲಿ ಊರಿಗೆ ಹಣ ಕಳಿಸಿ, ಖೋಲಿಯ ಬಾಡಿಗೆ ಕೊಟ್ಟು, ಉಳಿದುದರಲ್ಲಿ ಕಂತು ಕಟ್ಟಬೇಕಾದ ನಮಗೆ ಇದು ಬರಿಯ ಕುತೂಹಲದ ಮಾತಲ್ಲ.

ಹೆಸರೇಕಿಲ್ಲ? ಚಹಾ ಮಾರುವವನು ತಾನು ಹಣ ತೆತ್ತು ತೆಗೆಸಿದ ಚಿತ್ರದಲ್ಲಿ ಲ್ಯಾಪ್‌ಟಾಪ್ ಮಾರುವವನಿಗೆ ಪುಕ್ಕಟೆ ಪ್ರಚಾರ ಏಕೆ ಕೊಟ್ಟಾನು? ಇನ್ನೊಬ್ಬರ ವ್ಯಾಪಾರಮುದ್ರೆ ತೋರಿಸಿದರೆ ತಕರಾರು ಬಂದೀತೆಂಬ ಅಂಜಿಕೆಯೂ ಉಂಟು. ಆದ್ದರಿಂದ ಮುದ್ರೆಯ ಮೇಲೆ ಪಟ್ಟಿ ಅಂಟಿಸುತ್ತಾರೆ, ಇಲ್ಲವೇ ಆಮೇಲೆ ಚಿತ್ರದಿಂದ ಅಳಿಸುತ್ತಾರೆ. ಪರದೆಯ ಮೇಲೆ ಕಾಣುವುದನ್ನೂ ಅನೇಕ ವೇಳೆ ಆಮೇಲೆಯೇ ಸೇರಿಸಿರುತ್ತಾರೆ.

ಹೆಸರು ಮುಚ್ಚಿದ ಮಾತ್ರಕ್ಕೆ ಮುಖ ಮರೆಯಾಗುವುದಿಲ್ಲ. ಚಿತ್ರವನ್ನು ನಿಲ್ಲಿಸಿ ನೋಡಬೇಕು. ಕೀಲಿಮಣೆಯಲ್ಲಿ ಜಿ, ಎಚ್, ಬಿ ಅಕ್ಷರಗಳ ಸಂದಿಯಲ್ಲಿ ಕೆಂಪು ಗುಂಡಿ ಇದ್ದರೆ ಅದು ಬಹುಮಟ್ಟಿಗೆ ಥಿಂಕ್‌ಪ್ಯಾಡ್. 1992ರಲ್ಲಿ ಐ.ಬಿ.ಎಂ. ಹೊರತಂದ ಈ ಯಂತ್ರ 2005ರಿಂದ ಲೆನೊವೊ ಸಂಸ್ಥೆಯದು. ಅಲ್ಯೂಮಿನಿಯಂ ಮೈ, ಕಪ್ಪು ಕೀಲಿಗಳು, ಪರದೆಯ ಮೇಲಂಚಿನ ನಡುವೆ ಒಂದು ಕಪ್ಪು ಕಚ್ಚು, ಇವು ಕೂಡಿದ್ದರೆ 2021ರ ಅಥವಾ ಅನಂತರದ ಮ್ಯಾಕ್‌ಬುಕ್ ಎಂದು ಊಹಿಸಬಹುದು. ಮಡಿಸುವ ಬಿಜಾಗರಿ, ಬದಿಯ ರಂಧ್ರಗಳು ಇವೂ ಸುಳಿವು ಕೊಡುತ್ತವೆ.

ಇಲ್ಲಿಗೆ ಗುರುತು ಹಿಡಿದಂತಾಯಿತೇ? ಮನೆತನ ತಿಳಿಯಿತು, ಗುಣ ತಿಳಿಯಲಿಲ್ಲ. ಒಂದೇ ಮೈಯೊಳಗೆ ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಮೆಮೊರಿ ಇಟ್ಟು ಬೇರೆ ಬೇರೆ ಬೆಲೆಗೆ ಮಾರುವುದು ವಾಡಿಕೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ದೆಹಲಿಯ ನೆಹರೂ ಪ್ಲೇಸಿನಲ್ಲೋ ಚೆನ್ನೈಯ ರಿಚ್ಚಿ ಬೀದಿಯಲ್ಲೋ ಹಳೆಯ ಯಂತ್ರ ಕೊಳ್ಳಹೋದವರು “ನೋಡಲು ಅದೇ ಥರ ಇದೆ” ಎಂದು ಹಣ ಎಣಿಸಿಬಿಟ್ಟರೆ ಕಷ್ಟ.

ಏಕೆಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು, ಇಂಟೆಲ್ ಪ್ರೊಸೆಸರಾದರೆ, ಕೆಲವೇ ಅಪವಾದಗಳನ್ನು ಬಿಟ್ಟು ಎಂಟನೆಯ ಪೀಳಿಗೆಯದಾದರೂ ಇರಬೇಕೆಂದು ಅದೇ ಸಂಸ್ಥೆಯ ನಿಯಮ. ಅಂಗಡಿಯಲ್ಲಿಯೇ ಯಂತ್ರವನ್ನು ನಡೆಸಿ, ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ನೋಡಿದರೆ ಪ್ರೊಸೆಸರಿನ ಹೆಸರು ಕಾಣುತ್ತದೆ. ‘ಐ5-7200ಯು’ ಎಂದಿದ್ದರೆ ಅದು ಏಳನೆಯ ಪೀಳಿಗೆ. ‘ಐ5-8250ಯು’ ಎಂದಿದ್ದರೆ ಎಂಟನೆಯದು. ಹೊರಗಿನ ಹೊಳಪು ಎರಡಕ್ಕೂ ಒಂದೇ ಇದ್ದೀತು. ಮುಂದೆ ಬಳಸಬಹುದಾದ ವರ್ಷಗಳು ಒಂದೇ ಅಲ್ಲ.

ಯಂತ್ರವನ್ನು ಬೋರಲು ಹಾಕಿ ತಳದ ಚೀಟಿಯಲ್ಲಿರುವ ಮಾದರಿಯ ಹೆಸರನ್ನೂ ಕ್ರಮಸಂಖ್ಯೆಯನ್ನೂ ಬರೆದುಕೊಳ್ಳಿರಿ. ತಯಾರಕರ ಜಾಲತಾಣದಲ್ಲಿ ಅದನ್ನು ತಾಳೆ ನೋಡುವವರೆಗೆ ಮುಂಗಡ ಕೊಡಬೇಡಿರಿ. ಬರೆದುಕೊಂಡ ಚೀಟಿಯನ್ನು ಇಲ್ಲಿಗೇ ತಂದರೆ ನಾಲ್ಕು ಮಂದಿ ಕೂಡಿ ನೋಡೋಣ. ಮಕ್ಕಳಿಗೂ ಹೇಳೋಣ: ಜಾಹೀರಾತಿನ ಹುಡುಗಿಗೆ ಆ ಯಂತ್ರ ಅಲಂಕಾರ, ನಿಮಗೆ ಅದು ಓದಿನ ಸಾಧನ.