ಕಲಬುರಗಿ ಸೀಮೆಯ ಮಳೆಗಾದೆಗಳ ನಾದ

ಸೂರ್ಯನು ಒಂದೊಂದು ನಕ್ಷತ್ರವನ್ನು ದಾಟುವ 13–14 ದಿನಗಳ ಅವಧಿಯನ್ನು ರೈತರು ‘ಮಳೆ’ ಎಂದೇ ಕರೆಯುವುದರಿಂದ, ಕಲಬುರಗಿಯ ಸುತ್ತಲಿನ ಎರೆಹೊಲಗಳಲ್ಲಿ, ಎಂದರೆ ನೀರು ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣಿನ ಹೊಲಗಳಲ್ಲಿ, ಒಂದು ಹನಿಯೂ ಬೀಳದೆ ರೋಹಿಣಿ ಮಳೆ ‘ಕೂಡುತ್ತದೆ’, ಹಾಗೆಯೇ ಕಳೆದೂ ಹೋಗುತ್ತದೆ. ಈ ನೆಲದ ಗಾದೆಗಳಲ್ಲಿ ಅತ್ಯಂತ ಸೊಗಸಾದವು ಈ ಲೆಕ್ಕದ ಮೇಲೆ ಕಟ್ಟಿದವು.

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎಂದು ಶಿಷ್ಟ ಕಾಗುಣಿತದಲ್ಲಿ ಅಚ್ಚಾದ ಗಾದೆ ಸಪ್ಪೆಯಾಗಿ ಕಾಣುತ್ತದೆ; ಅದನ್ನೇ ಇಲ್ಲಿಯ ಬಾಯಿಂದ ‘ರೋಣಿ ಮಳಿ ಬಂದ್ರ ಓಣೆಲ್ಲಾ ಜ್ವಾಳ’ ಎಂದು ಕೇಳಿದಾಗ ರೋಣಿಗೂ ಓಣಿಗೂ ಪ್ರಾಸ ಕೂಡಿ, ಮೇ ಕೊನೆಯ ಮಳೆಯೂ ಮನೆ ಮುಂದಿನ ಸಂದಿಯೂ ಒಂದೇ ಉಸಿರಿನಲ್ಲಿ ಸೇರುತ್ತವೆ. ಜೂನ್ ಕೊನೆಯಲ್ಲಿ ಕೂಡುವ, ತೊಗರಿ ಬಿತ್ತನೆಯ ಹೊತ್ತಿನ ಆರ್ದ್ರಾ ಮಳೆಯ ಗಾದೆಯಲ್ಲಂತೂ ಕಸುಬು ಇನ್ನೂ ಬಿಗಿಯಾಗಿದೆ: ‘ಆದ್ರ ಆರ್ದ್ರಾ, ಇಲ್ಲಂದ್ರ ದರಿದ್ರ.’ ‘ಆದರೆ’ ಎಂಬುದು ಈ ಭಾಗದ ನುಡಿಯಲ್ಲಿ ‘ಆದ್ರ’ ಆಗುವುದರಿಂದಲೇ ಅದು ಆರ್ದ್ರಾ ನಕ್ಷತ್ರದ ಹೆಸರಿನೊಳಕ್ಕೆ ಜಾರಿ, ಅಲ್ಲಿಂದ ದರಿದ್ರಕ್ಕೆ ಇಳಿಯುತ್ತದೆ.  2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿಯ ತೊಗರಿಬೇಳೆಯ ಕಥೆಯೂ ಬಹುಮಟ್ಟಿಗೆ ಈ ಮಳೆಯ ಕಥೆಯೇ.

ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆಗೂ ಅದೇ ಮಾನ್ಯತೆಯಿದೆಯಾದರೂ, ನೀರು ಹಾಯಿಸಿ ವರ್ಷಕ್ಕೂ ಮಿಗಿಲಾಗಿ ಕಾದು ಬೆಳೆಯುವ ಆ ಗಿಡಕ್ಕೆ ನಕ್ಷತ್ರದ ಹಂಗು ಕಡಿಮೆ. ಗಾದೆಯ ಮೊನಚು ಒಣಬೇಸಾಯದವರ ಆತಂಕದಲ್ಲಿಯೇ ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ.

ಕಿಟ್ಟೆಲರ 1894ರ ನಿಘಂಟು ಪದಗಳ ಬಳಕೆಯನ್ನು ತೋರಿಸಲು ಗಾದೆಗಳನ್ನು ಹೇರಳವಾಗಿ ಉದಾಹರಿಸಿತು. ಆದರೆ ಬರಹಕ್ಕೆ ಅರ್ಥ ಸಿಕ್ಕುವಷ್ಟು ಸುಲಭವಾಗಿ ದನಿಯಾಗಲಿ, ಆ ದನಿ ಮಾಡುವ ಕೆಲಸವಾಗಲಿ ಸಿಕ್ಕುವುದಿಲ್ಲ. ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾದ ಕನಕ್ ಜನರಲ್ಲಿ, ಊವಾಯಿಲೂ ಭಾಷೆಯ ‘ನೋ’ ಎಂಬ ಒಂದೇ ಪದ ಮಾತು, ಆಲೋಚನೆ, ಕ್ರಿಯೆ ಮೂರನ್ನೂ ಸೂಚಿಸುತ್ತದೆಂದು ಮಿಷನರಿ ವಿದ್ವಾಂಸ ಮೊರಿಸ್ ಲೀನ್‌ಹಾರ್ಟ್ ಬರೆದದ್ದುಂಟು. ಇಲ್ಲಿಯ ಗಾದೆಯೂ ಹಾಗೆಯೇ ಮಾತು, ಆಲೋಚನೆ, ಕ್ರಿಯೆ ಮೂರೂ ಆಗಿ ಕೆಲಸ ಮಾಡುತ್ತದೆ. ಮೋಡ ಕಟ್ಟಿಯೂ ಸುರಿಯದ ಸಂಜೆ ಹಿರಿಯರೊಬ್ಬರು ಕಟ್ಟೆಯ ಮೇಲೆ ‘ಆದ್ರ ಆರ್ದ್ರಾ...’ ಎಂದು ನಿಲ್ಲಿಸಿದರೆ ಸಾಕು; ಉಳಿದರ್ಧವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಬಿತ್ತನೆ ಬೀಜದ ಚೀಲ ಮಾತ್ರ ಇನ್ನೊಂದು ದಿನ ಮೂಲೆಯಲ್ಲಿಯೇ ಉಳಿಯುತ್ತದೆ.